ಬರೀ ಗಂಜಿ ಸಾಕೇ?

ಊರಿಂದ ಚಿಕಿತ್ಸೆಗೆ ಬಂದು ವಿಜಯನಗರದ ಮಗನ ಮನೆಯಲ್ಲಿರುವ ಉಮ್ಮನಿಗೆ ಮೂರು ಹೊತ್ತೂ ಗಂಜಿ. "ಕಾಯಿಲೆಯಲ್ವಾ, ಸೊರಗೋದು ಸಹಜ" ಅಂತ ಸುಮ್ಮನಾಗುತ್ತೇವೆ. ಹಾಗಲ್ಲ. 60 ಕಿಲೋ ಇದ್ದವರು ಆರು ತಿಂಗಳಲ್ಲಿ ತಾನಾಗಿಯೇ 3 ಕಿಲೋಗಿಂತ ಹೆಚ್ಚು ಇಳಿದರೆ ಅಪೌಷ್ಟಿಕತೆಯ ಸೂಚನೆ. ಬಳೆ ಸಡಿಲವಾಯಿತೇ, ತಟ್ಟೆಯಲ್ಲಿ ಅರ್ಧ ಊಟ ಉಳಿಯಿತೇ, ನೋಡಿ. ದಪ್ಪಗಿರುವವರಿಗೂ ಬರುತ್ತದೆ, ಕಾಲಿನ ಬಾವು ತೂಕದ ಇಳಿಕೆಯನ್ನು ಮುಚ್ಚಿಡುತ್ತದೆ.

ಅಕ್ಕಿ ಗಂಜಿಯಲ್ಲಿ ಪ್ರೋಟೀನ್ ಕಡಿಮೆ. ಹೆಸರುಕಾಳು, ಮೊಟ್ಟೆ, ಮುಳ್ಳು ತೆಗೆದ ಮೀನು ಸೇರಿಸಿ, ಸ್ವಲ್ಪಸ್ವಲ್ಪವೇ ಆರು ಸಲ ಕೊಡಿ. ಕಿಡ್ನಿ ತೊಂದರೆಯಿದ್ದರೆ ಡಾಕ್ಟರನ್ನು ಕೇಳಿಯೇ. ಐದಾರು ದಿನ ಏನೂ ತಿನ್ನದವರಿಗೆ ಒಮ್ಮೆಲೇ ಹೊಟ್ಟೆ ತುಂಬಿಸಬಾರದು. ರಕ್ತದ ಫಾಸ್ಫೇಟ್, ಪೊಟ್ಯಾಶಿಯಂ ಕುಸಿದು ಹೃದಯಕ್ಕೇ ಪೆಟ್ಟು ಬೀಳಬಹುದು. ಅಂಥವರಿಗೆ ಆಸ್ಪತ್ರೆಯೇ ಸರಿ.

ರೋಗಿಗೆ ನೋಂಬಿನಲ್ಲಿ ಕುರ್‌ಆನೇ ರಿಯಾಯಿತಿ ಕೊಟ್ಟಿದೆ. ಹಠ ಹಿಡಿಯುವ ಹಿರಿಯರಿಗೆ ಇದನ್ನು ಉಸ್ತಾದರಿಂದಲೇ ಹೇಳಿಸಿ.