ಐವತ್ತು ಆಂಪಿಯರ್‌ಗಳ ಲಕ್ಷ್ಮಣರೇಖೆ: ಗಾಳದ ದೋಣಿಯ ವಿದ್ಯುತ್ ಮೋಟಾರು

ಮಲ್ಪೆ, ಮಂಗಳೂರುಗಳ ಬಂದರಿನಲ್ಲಿ ದಿನವೂ ಕಿವಿಗೆ ಬೀಳುವ ‘ಟ್ರಾಲ್ ಬೋಟ್’ ಎಂಬ ಹೆಸರು ಸಮುದ್ರದ ತಳದ ಸಮೀಪ ದೊಡ್ಡ ಚೀಲದಂಥ ಬಲೆಯನ್ನು ಎಳೆದೊಯ್ಯುವ ಡೀಸೆಲ್ ದೋಣಿಗೆ ಸೇರಿದ್ದು. ಅದನ್ನೇ ಹೋಲುವ ‘ಟ್ರೋಲಿಂಗ್’ ಎಂಬ ಇನ್ನೊಂದು ಶಬ್ದವಾದರೋ, ನಿಧಾನವಾಗಿ ಸಾಗುವ ದೋಣಿಯ ಹಿಂದೆ ಗಾಳವನ್ನು ಎಳೆಯುತ್ತ ಒಂದೊಂದೇ ಮೀನನ್ನು ಹಿಡಿಯುವ ಬೇರೆಯೇ ಪದ್ಧತಿಯನ್ನು ಸೂಚಿಸುತ್ತದೆ. ಅಮೆರಿಕದ ಸಿಹಿನೀರಿನ ಸರೋವರಗಳಲ್ಲಿಯೂ ಜಲಾಶಯಗಳಲ್ಲಿಯೂ ಗಾಳದ ದೋಣಿಗಳ ಮೂತಿಗೆ ಕಟ್ಟಿರುವ ಸಣ್ಣ ವಿದ್ಯುತ್ ಮೋಟಾರಿಗೆ ‘ಟ್ರೋಲಿಂಗ್ ಮೋಟಾರು’ ಎಂಬ ಹೆಸರು ಬಂದದ್ದು ಈ ಎರಡನೆಯ ಪದ್ಧತಿಯಿಂದ. ವಿಚಿತ್ರವೆಂದರೆ ಇಂದು ಆ ಮೋಟಾರು ಗಾಳ ಎಳೆಯುವುದಕ್ಕಿಂತ ಹೆಚ್ಚಾಗಿ, ದೋಣಿಯನ್ನು ಸದ್ದಿಲ್ಲದೆ ಮೀನಿನ ಅಡಗುತಾಣದ ಸಮೀಪಕ್ಕೆ ಒಯ್ದು ಅಲ್ಲಿಯೇ ನಿಲ್ಲಿಸಿಕೊಳ್ಳುವುದಕ್ಕೆ ಬಳಕೆಯಾಗುತ್ತಿದೆ.

ಈ ಯಂತ್ರದ ಮೂಲವನ್ನು 1934ರಲ್ಲಿ ಉತ್ತರ ಡಕೋಟಾ ರಾಜ್ಯದ ಫಾರ್ಗೋ ಊರಿನಲ್ಲಿ ಗುರುತಿಸಲಾಗುತ್ತದೆ. ಅಲ್ಲಿನ ಓ. ಜಿ. ಶ್ಮಿಟ್ ಎಂಬಾತ ಫೋರ್ಡ್ ಕಂಪನಿಯ ‘ಮಾಡೆಲ್ ಎ’ ಕಾರಿನ ಸ್ಟಾರ್ಟರ್ ಮೋಟಾರಿಗೆ ಬಾಗಬಲ್ಲ ದಂಡವೊಂದನ್ನೂ ಪ್ರೊಪೆಲ್ಲರನ್ನೂ ಜೋಡಿಸಿ ಮೊದಲ ಮಾದರಿಯನ್ನು ಸಿದ್ಧಪಡಿಸಿದನು. ಆತನ ಕಾರ್ಖಾನೆ ಮಿನೆಸೋಟ ಮತ್ತು ಡಕೋಟಾಗಳ ಗಡಿಯಲ್ಲಿದ್ದುದರಿಂದ ಆ ಎರಡು ಹೆಸರುಗಳ ತುಣುಕುಗಳನ್ನು ಬೆಸೆದು ‘ಮಿನ್ ಕೋಟ’ ಎಂಬ ವ್ಯಾಪಾರನಾಮ ಹುಟ್ಟಿತು. 1967ರಲ್ಲಿ ಅರ್ಕನ್ಸಾ ರಾಜ್ಯದ ಬೀವರ್ ಸರೋವರದಲ್ಲಿ ರೇ ಸ್ಕಾಟ್ ಏರ್ಪಡಿಸಿದ ಬಾಸ್ ಮೀನಿನ ಸ್ಪರ್ಧೆಯ ನಂತರ ಗಾಳ ಹಾಕುವುದು ಬಹುಮಾನದ ಕ್ರೀಡೆಯಾಗಿ ಬೆಳೆದಂತೆ, ಈ ಮೋಟಾರು ಹವ್ಯಾಸಿಯ ಆಟಿಕೆಯಾಗಿ ಉಳಿಯದೆ ಸ್ಪರ್ಧಿಯ ಅನಿವಾರ್ಯ ಸಲಕರಣೆಯಾಯಿತು. ನೀರುಕಳೆಯ ನಡುವೆಯೂ ಮುಳುಗಿದ ಮರದ ಬೊಡ್ಡೆಗಳ ನೆರಳಿನಲ್ಲಿಯೂ ಹೊಂಚುವ ಬಾಸ್ ಮೀನಿಗೆ, ಇತರ ಮೀನುಗಳಿಗಿರುವಂತೆಯೇ, ಮೈಯ ಇಕ್ಕೆಲಗಳಲ್ಲಿ ‘ಪಾರ್ಶ್ವರೇಖೆ’ ಎಂಬ ಇಂದ್ರಿಯವಿದ್ದು, ಹತ್ತಿರದ ನೀರಿನ ಅಲುಗಾಟವನ್ನು ಅದು ಗ್ರಹಿಸುತ್ತದೆ; ಆದಕಾರಣ 200–250 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್ನಿನಿಂದ ಸರೋವರವನ್ನು ದಾಟಿ ಬರುವ ಬೆಸ್ತನೂ ಕೊನೆಯ ನೂರು ಮೀಟರಿಗೆ ಅದನ್ನು ಆರಿಸಿ ವಿದ್ಯುತ್ ಮೋಟಾರನ್ನು ನೀರಿಗಿಳಿಸುತ್ತಾನೆ. ಅದನ್ನು ಹಿಂಭಾಗದಲ್ಲಿರಿಸದೆ ಮೂತಿಯಲ್ಲಿರಿಸುವುದಕ್ಕೂ ಕಾರಣವಿದೆ: ಎತ್ತುಗಳು ಗಾಡಿಯ ಮುಂದಿರುವುದರಿಂದ ಗಾಡಿ ಅವು ತಿರುಗಿದತ್ತ ತಿರುಗುವಂತೆ, ಮುಂತುದಿಯಿಂದ ಎಳೆಯಲ್ಪಡುವ ದೋಣಿ ಗಾಳಿಗೆ ಅಡ್ಡ ತಿರುಗದೆ ಹೇಳಿದ ಮಾತನ್ನು ಹೆಚ್ಚು ಕೇಳುತ್ತದೆ.

ಪೆಟ್ರೋಲ್ ಎಂಜಿನ್ನಿನ ಸಾಮರ್ಥ್ಯವನ್ನು ಅಶ್ವಶಕ್ತಿಯಲ್ಲಿ ಹೇಳಿದರೆ, ಈ ಮೋಟಾರಿನದನ್ನು ‘ನೂಕುಬಲ’ದಲ್ಲಿ, ಅಂದರೆ ನಿಂತ ದೋಣಿಯನ್ನು ಅದು ಎಷ್ಟು ಬಲದಿಂದ ಎಳೆಯಬಲ್ಲದು ಎಂಬ ಅಳತೆಯಲ್ಲಿ, ಪೌಂಡುಗಳ ಲೆಕ್ಕದಿಂದ ಹೇಳುವುದು ಅಮೆರಿಕದ ರೂಢಿ. ಸಾಮಾನು ಸರಂಜಾಮು, ಜನ, ಇಂಧನ ಎಲ್ಲ ಸೇರಿದ ದೋಣಿಯ ತೂಕದ ನೂರರಲ್ಲಿ ಎರಡು ಪಾಲಿನಷ್ಟು ನೂಕುಬಲ ಕನಿಷ್ಠ ಬೇಕೆಂಬುದು ಬಳಕೆಯಲ್ಲಿರುವ ಸೂತ್ರ. ಈ ಸೂತ್ರದಂತೆ ಒಂದು ಟನ್ ತೂಗುವ ದೋಣಿಗೆ 20 ಕಿಲೋ, ಅಂದರೆ 44 ಪೌಂಡ್ ಸಾಕು. ಆದರೆ ಗಾಳಿಯ ಒತ್ತಡ ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಬೆಳಗಿನ ತಿಳಿನೀರಿನಲ್ಲಿ ಸಾಕೆನಿಸಿದ ಮೋಟಾರು ಮಧ್ಯಾಹ್ನದ ಗಾಳಿಗೆ ಸೋಲುತ್ತದೆ. ದೊಡ್ಡ ಮೋಟಾರು ಬೇಕೆಂಬ ಯೋಚನೆ ಮೂಡುವುದು ಬಹುಮಟ್ಟಿಗೆ ಇಂಥ ಮಧ್ಯಾಹ್ನಗಳಲ್ಲಿಯೇ.

ಈ ಯೋಚನೆಗೆ ಪ್ರಕೃತಿ ವಿಧಿಸುವ ಮೊದಲ ಸುಂಕ ಹೀಗಿದೆ. ಪ್ರೊಪೆಲ್ಲರು ನೀರನ್ನು ಹಿಂದಕ್ಕೆ ಎಸೆಯುತ್ತದೆ. ಪ್ರತಿ ಸೆಕೆಂಡಿಗೆ ಎಸೆದ ನೀರಿನ ರಾಶಿಯನ್ನು ಎಸೆದ ವೇಗದಿಂದ ಗುಣಿಸಿದರೆ ಬರುವುದೇ ನೂಕುಬಲ. ಅದೇ ಅಳತೆಯ ಪ್ರೊಪೆಲ್ಲರಿನಿಂದ ನೂಕುಬಲವನ್ನು ಇಮ್ಮಡಿಗೊಳಿಸಬೇಕಾದರೆ ನೀರಿನ ರಾಶಿ, ವೇಗಗಳೆರಡೂ ಸುಮಾರು 1.4 ಪಟ್ಟು ಹೆಚ್ಚಬೇಕು. ಆದರೆ ವ್ಯಯವಾಗುವ ಶಕ್ತಿಯಲ್ಲಿ ವೇಗದ ವರ್ಗ ಸೇರಿಕೊಂಡಿರುವುದರಿಂದ ಅದು ಎರಡು ಪಟ್ಟಿಗೆ ನಿಲ್ಲದೆ ಸುಮಾರು 2.8 ಪಟ್ಟಾಗುತ್ತದೆ. ಮಾರುಕಟ್ಟೆಯಲ್ಲಿರುವ ಮೋಟಾರುಗಳ ಅಂಕಿಗಳು ಈ ಲೆಕ್ಕವನ್ನು ಹೆಚ್ಚುಕಡಿಮೆ ಅನುಮೋದಿಸುತ್ತವೆ: 55 ಪೌಂಡಿನ ಮೋಟಾರು ಪೂರ್ಣವೇಗದಲ್ಲಿ 600 ವ್ಯಾಟ್‌ಗಳಷ್ಟು ವಿದ್ಯುತ್ತನ್ನು ಬಳಸಿದರೆ 112 ಪೌಂಡಿನದು 1,870 ವ್ಯಾಟ್‌ಗಳಷ್ಟನ್ನು ಬಳಸುತ್ತದೆ. ಇಷ್ಟನ್ನು ತೆತ್ತರೂ ವೇಗವೇನೂ ಇಮ್ಮಡಿಯಾಗುವುದಿಲ್ಲ. ನೀರಿನ ಪ್ರತಿರೋಧ ವೇಗದೊಡನೆ ಏರುವುದರಿಂದಲೂ ಪ್ರೊಪೆಲ್ಲರಿನ ರೆಕ್ಕೆಗಳ ಓರೆ ನಿಧಾನಗತಿಗೆಂದೇ ರೂಪಿತವಾಗಿರುವುದರಿಂದಲೂ ಗಂಟೆಗೆ ಏಳೆಂಟು ಕಿಲೋಮೀಟರ್ ದಾಟುವುದು ದುರ್ಲಭ. ಹೆಚ್ಚಿನ ನೂಕುಬಲದಿಂದ ದೊರೆಯುವುದು ವೇಗವಲ್ಲ, ಗಾಳಿಗೆದುರು ನಿಲ್ಲುವ ಹಿಡಿತ.

ಹಾಗಾದರೆ 1,870 ವ್ಯಾಟ್‌ಗಳನ್ನು ಮೋಟಾರಿಗೆ ತಲುಪಿಸುವುದು ಹೇಗೆ? ವಿದ್ಯುತ್ ಶಕ್ತಿಯೆಂದರೆ ವೋಲ್ಟೇಜನ್ನು, ಅಂದರೆ ವಿದ್ಯುತ್ತಿನ ಒತ್ತಡವನ್ನು, ಆಂಪಿಯರ್‌ಗಳಲ್ಲಿ ಅಳೆಯುವ ಪ್ರವಾಹದಿಂದ ಗುಣಿಸಿದಾಗ ಬರುವ ಮೊತ್ತ. ಕಾರಿನ ಬ್ಯಾಟರಿಯ 12 ವೋಲ್ಟ್‌ನಲ್ಲಿಯೇ ಅಷ್ಟನ್ನು ಸಾಗಿಸಲು 150ಕ್ಕೂ ಹೆಚ್ಚು ಆಂಪಿಯರ್ ಬೇಕು. ತಂತಿಯಲ್ಲಿ ಶಾಖವಾಗಿ ಪೋಲಾಗುವ ಶಕ್ತಿ ಪ್ರವಾಹದ ವರ್ಗವನ್ನು ಅನುಸರಿಸುವುದರಿಂದ ಮೂರು ಪಟ್ಟು ಪ್ರವಾಹಕ್ಕೆ ಒಂಬತ್ತು ಪಟ್ಟು ಶಾಖ ಹುಟ್ಟುತ್ತದೆ. ಈ ಕಾರಣದಿಂದ ತಯಾರಕರು ಪ್ರವಾಹವನ್ನು ಐವತ್ತರ ಆಸುಪಾಸಿನಲ್ಲಿಯೇ ಕಟ್ಟಿಹಾಕಿ ವೋಲ್ಟೇಜನ್ನು ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಏರಿಸಿದ್ದಾರೆ. 55 ಪೌಂಡಿನ ಮೋಟಾರು ಒಂದು ಬ್ಯಾಟರಿಯ 12 ವೋಲ್ಟ್‌ನಲ್ಲಿ ಸುಮಾರು 50 ಆಂಪಿಯರ್ ಎಳೆಯುತ್ತದೆ, 80 ಪೌಂಡಿನದು ಸರಣಿಯಲ್ಲಿ ಜೋಡಿಸಿದ ಎರಡು ಬ್ಯಾಟರಿಗಳ 24 ವೋಲ್ಟ್‌ನಲ್ಲಿ 56, 112 ಪೌಂಡಿನದು ಮೂರು ಬ್ಯಾಟರಿಗಳ 36 ವೋಲ್ಟ್‌ನಲ್ಲಿ 52. ಸರಣಿ ಜೋಡಣೆಯೆಂದರೆ ಒಂದರ ಋಣ ತುದಿಯನ್ನು ಮತ್ತೊಂದರ ಧನ ತುದಿಗೆ ಸೇರಿಸಿ ವೋಲ್ಟೇಜನ್ನು ಕೂಡಿಸುವ ಕ್ರಮ. ಟಾರ್ಚಿಗೆ ಸೆಲ್ ತುಂಬಿದವರಿಗೆಲ್ಲ ಇದು ತಿಳಿದದ್ದೇ. ಮೂರೂ ದರ್ಜೆಗಳಿಗೆ ಅದೇ 60 ಆಂಪಿಯರ್‌ನ ಸರ್ಕ್ಯೂಟ್ ಬ್ರೇಕರನ್ನು ಸೂಚಿಸುವುದು ಮೊದಲ ನೋಟಕ್ಕೆ ತಪ್ಪೆಂಬಂತೆ ಕಂಡರೂ ಅದರ ಗುಟ್ಟು ಇಲ್ಲಿದೆ. ಪ್ರೊಪೆಲ್ಲರಿಗೆ ಕಳೆ ಸುತ್ತಿಕೊಂಡು ಮೋಟಾರು ತಿರುಗದೆ ನಿಂತರೆ ಪ್ರವಾಹ ಹಠಾತ್ತನೆ ಉಕ್ಕುತ್ತದೆ. ಬ್ರೇಕರ್ ಇರುವುದು ಆ ಗಳಿಗೆಯಲ್ಲಿ ತಂತಿ ಬೆಂಕಿಗೆ ತುತ್ತಾಗದಂತೆ ಮಂಡಲವನ್ನು ಕಡಿಯಲು.

ಮೋಟಾರು ದುರ್ಬಲವೆಂದು ದೂರುವವರು ಅದನ್ನು ಮಾರುವ ಮುನ್ನ ನೋಡಬೇಕಾದದ್ದು ತಂತಿಯನ್ನು. ಆರು ಮೀಟರ್ ಉದ್ದದ ದೋಣಿಯಲ್ಲಿ ಬ್ಯಾಟರಿಗಳು ಹಿಂಭಾಗದಲ್ಲಿಯೂ ಮೋಟಾರು ಮುಂಭಾಗದಲ್ಲಿಯೂ ಇರುತ್ತವೆ. ವಿದ್ಯುತ್ತು ಹೋಗಿ ಮರಳಬೇಕಾದ್ದರಿಂದ ತಂತಿಯ ನಿಜವಾದ ಉದ್ದ 12 ಮೀಟರ್. ಸುಮಾರು 8.4 ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿಯಲ್ಲಿ 50 ಆಂಪಿಯರ್ ಹರಿದರೆ ಈ ದಾರಿಯಲ್ಲಿಯೇ 1.2 ವೋಲ್ಟ್ ಕರಗುತ್ತದೆ. 12 ವೋಲ್ಟ್‌ನಲ್ಲಿ ಅದು ಹತ್ತರಲ್ಲಿ ಒಂದು ಪಾಲು. ಮೋಟಾರಿನ ವೇಗ ಅಷ್ಟು ಇಳಿದರೆ, ನೂಕುಬಲ ವೇಗದ ವರ್ಗದಂತೆ ಬದಲಾಗುವುದರಿಂದ, ಹತ್ತಿರ ಹತ್ತಿರ ಐದನೆಯ ಒಂದು ಪಾಲು ಬಲ ನೀರಿಗೆ ತಲುಪುವ ಮೊದಲೇ ಕಳೆದುಹೋಗುತ್ತದೆ. 13.3 ಚದರ ಮಿಲಿಮೀಟರಿನ ತಂತಿ ಹಾಕಿದರೆ ನಷ್ಟ 0.8 ವೋಲ್ಟ್‌ಗಿಂತ ಕೆಳಗಿಳಿಯುತ್ತದೆ. ಮೂತಿಯ ಬಳಿಯ ಪ್ಲಗ್ಗು ಇನ್ನೂ ದೊಡ್ಡ ಕಳ್ಳ: ಕಿಲುಬು ಹಿಡಿದ ಸಂಪರ್ಕದಲ್ಲಿ ಒಂದು ಓಮಿನ ನೂರನೆಯ ಒಂದು ಪಾಲು ರೋಧ ಸೇರಿಕೊಂಡರೂ 50 ಆಂಪಿಯರ್‌ಗೆ 25 ವ್ಯಾಟ್ ಶಾಖ ಹುಟ್ಟುತ್ತದೆ, ಅದೂ ಬೆರಳ ತುದಿಯಷ್ಟು ಜಾಗದಲ್ಲಿ, ಬೆಸುಗೆಯ ಕಡ್ಡಿಯೊಂದು ಕೆಲಸ ಮಾಡುವುದು ಇಷ್ಟೇ ವ್ಯಾಟಿನಿಂದ. ತವರ ಲೇಪಿಸಿದ ತಾಮ್ರದ ತಂತಿ ಮತ್ತು ಹೊಸ ಪ್ಲಗ್ಗುಗಳ ಬೆಲೆ ಹೊಸ ಮೋಟಾರಿನ ಬೆಲೆಯ ಮುಂದೆ ನಗಣ್ಯವಾದರೂ, ಕಣ್ಣಿಗೆ ಕಾಣದ ಕಡೆ ಹಣ ಹಾಕುವ ಉತ್ಸಾಹ ಯಾರಲ್ಲಿಯೂ ಅಷ್ಟಾಗಿ ಇರುವುದಿಲ್ಲ.

ಬ್ಯಾಟರಿಯ ವಿಷಯಕ್ಕೆ ಬಂದರೆ, ಸೀಸ–ಆಮ್ಲದ ಬ್ಯಾಟರಿಯ ಮೇಲೆ ಅಚ್ಚಾಗಿರುವ 100 ಆಂಪಿಯರ್-ಗಂಟೆ ಎಂಬ ಅಂಕಿಯನ್ನು 20 ಗಂಟೆಗಳ ಕಾಲ 5 ಆಂಪಿಯರ್‌ನಂತೆ ನಿಧಾನವಾಗಿ ಬಳಸಿ ಅಳೆದಿರುತ್ತಾರೆ. ಪ್ರವಾಹ ಏರಿದಷ್ಟೂ ಸಿಗುವ ಒಟ್ಟು ಮೊತ್ತ ಕುಗ್ಗುತ್ತದೆ ಎಂಬುದನ್ನು 1897ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಪಾಯ್ಕರ್ಟ್ ಗಣಿತ ಸೂತ್ರವಾಗಿ ನಿರೂಪಿಸಿದನು. ಆ ಸೂತ್ರದ ಘಾತವನ್ನು 1.2 ಎಂದು ಹಿಡಿದರೆ, ಅದೇ ಬ್ಯಾಟರಿ 50 ಆಂಪಿಯರ್‌ನಲ್ಲಿ ಎರಡು ಗಂಟೆಯಲ್ಲ, ಒಂದೂಕಾಲು ಗಂಟೆ ಮಾತ್ರ ನಡೆಯುತ್ತದೆ. 36 ವೋಲ್ಟ್‌ನ ವ್ಯವಸ್ಥೆಯ ದೊಡ್ಡ ಲಾಭ ಇಲ್ಲಿಯೇ ಅಡಗಿದೆ: ಹಳೆಯ 55 ಪೌಂಡಿನಷ್ಟೇ ನೂಕುಬಲಕ್ಕೆ ಬೇಕಾದ 600 ವ್ಯಾಟನ್ನು ಅದು ಸುಮಾರು 17 ಆಂಪಿಯರ್‌ನಲ್ಲಿ ಒದಗಿಸುತ್ತದೆ, ಆಗ ನಾಲ್ಕೂವರೆ ಗಂಟೆಗೂ ಹೆಚ್ಚು ಕಾಲ ನಡೆಯುತ್ತದೆ. ಬ್ಯಾಟರಿ ಮೂರು ಪಟ್ಟಾದರೂ ಕಾಲ ಮೂರು ಪಟ್ಟಿಗಿಂತ ಹೆಚ್ಚಾಗುವ ಈ ಗಣಿತ ವ್ಯಾಪಾರಿಯ ಮಾತಿನಂತೆ ಕೇಳಿಸಿದರೂ ರಸಾಯನಶಾಸ್ತ್ರದ ಮಾತು. ಆದರೆ ಅಂಥ ಒಂದೊಂದು ಬ್ಯಾಟರಿ ಸುಮಾರು 28 ಕಿಲೋ ತೂಗುವುದರಿಂದ ಮೂರು ಸೇರಿದರೆ ಒಬ್ಬ ದಪ್ಪ ಮನುಷ್ಯನನ್ನು ದೋಣಿಯ ಹಿಂಭಾಗದಲ್ಲಿ ಶಾಶ್ವತವಾಗಿ ಕೂರಿಸಿದಂತಾಗುತ್ತದೆ. ಹಳೆಯದೊಂದರ ಜೊತೆಗೆ ಹೊಸ ಎರಡನ್ನು ಸರಣಿಯಲ್ಲಿ ಸೇರಿಸುವ ಮಿತವ್ಯಯವೂ ಕೂಡದು. ದುರ್ಬಲವಾದದ್ದು ಮೊದಲು ಬರಿದಾಗಿ ಉಳಿದವುಗಳನ್ನೂ ಹಾಳುಮಾಡುತ್ತದೆ.

ತೂಕದ ಈ ತೊಡಕನ್ನು ಬಿಡಿಸಿದ್ದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಆ ಸಂಯುಕ್ತವನ್ನು ಬ್ಯಾಟರಿಯ ಧನ ವಿದ್ಯುದಗ್ರವಾಗಿ ಬಳಸಬಹುದೆಂದು ತೋರಿಸಿದ 1997ರ ಪ್ರಬಂಧದಲ್ಲಿ ಎ. ಕೆ. ಪಾಧಿ, ಕೆ. ಎಸ್. ನಂಜುಂಡಸ್ವಾಮಿ ಮತ್ತು ಜಾನ್ ಗುಡ್‌ಇನಫ್ ಅವರ ಹೆಸರುಗಳಿವೆ. ಮುಂದೆ 2019ರಲ್ಲಿ, ಲಿಥಿಯಂ ಅಯಾನ್ ಬ್ಯಾಟರಿಗಳ ಬೆಳವಣಿಗೆಗಾಗಿ, ತಮ್ಮ 97ನೆಯ ವಯಸ್ಸಿನಲ್ಲಿ ನೊಬೆಲ್ ಪಡೆದವರು ಇದೇ ಗುಡ್‌ಇನಫ್. 3.2 ವೋಲ್ಟ್‌ನ ನಾಲ್ಕು ಕೋಶಗಳು ಸೇರಿ 12.8 ವೋಲ್ಟ್ ಆಗುವ ಇಂಥ 100 ಆಂಪಿಯರ್-ಗಂಟೆಯ ಬ್ಯಾಟರಿ ಸುಮಾರು 12 ಕಿಲೋ ತೂಗುತ್ತದೆ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದುಮಾಡಿದರೆ ಅದರ ಆಯುಸ್ಸು ಕುಗ್ಗುತ್ತದೆ, ಇದನ್ನಾದರೋ ಬಹುಪಾಲು ಬಳಸಿಯೇ ಮರುಪೂರಣ ಮಾಡಬಹುದು. ಸೀಸದ್ದರ ವೋಲ್ಟೇಜ್ ದಿನವಿಡೀ ಇಳಿಯುತ್ತ ಸಾಗಿದರೆ ಇದರದು ಬಯಲುಸೀಮೆಯಂತೆ ಸಮತಟ್ಟಾಗಿದ್ದು ಕೊನೆಯಲ್ಲಿ ಒಮ್ಮೆಲೇ ಪಾತಾಳಕ್ಕಿಳಿಯುತ್ತದೆ. ಮೋಟಾರಿಗೆ ಹಿತವಾದ ಈ ಗುಣವೇ ಬೆಸ್ತನನ್ನು ವಂಚಿಸುತ್ತದೆ, ಏಕೆಂದರೆ ವೋಲ್ಟ್‌ಮೀಟರ್ ನೋಡಿ ಉಳಿದಿರುವುದೆಷ್ಟೆಂದು ಅಂದಾಜಿಸುವ ಹಳೆಯ ಅಭ್ಯಾಸ ಇಲ್ಲಿ ನಡೆಯದು. ಒಳಹೋದ, ಹೊರಬಂದ ಆಂಪಿಯರ್‌ಗಳನ್ನು ಎಣಿಸುವ ಮಾಪಕ ಬೇಕಾಗುತ್ತದೆ. ಚಾರ್ಜರನ್ನೂ ಬದಲಿಸಬೇಕಾಗಬಹುದು. ಶೂನ್ಯ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಚಾರ್ಜ್ ಮಾಡಿದರೆ ಲಿಥಿಯಂ ಲೋಹ ಋಣ ವಿದ್ಯುದಗ್ರದ ಮೇಲೆ ಪದರವಾಗಿ ಕೂತು ಕೋಶ ಕೆಡುವುದರಿಂದ ಮಿನೆಸೋಟದಂಥ ಶೀತ ರಾಜ್ಯಗಳಲ್ಲಿ ಇದು ಬರಿಯ ಪುಸ್ತಕದ ಎಚ್ಚರಿಕೆಯಲ್ಲ. ಇನ್ನು, ಸೀಸದ ಬ್ಯಾಟರಿಯ ಇಳಿಯುವ ವೋಲ್ಟೇಜಿಗೆಂದೇ ರೂಪಿಸಿದ ಹಳೆಯ ಮೋಟಾರು ಏರುಮಟ್ಟದ ವೋಲ್ಟೇಜಿನಲ್ಲಿ ಸತತವಾಗಿ ಪೂರ್ಣವೇಗದಿಂದ ಓಡಿದರೆ ಬಿಸಿಯೇರುವ ಅಪಾಯವೂ ಉಂಟು.

ವೇಗನಿಯಂತ್ರಣದ ಮಾತನ್ನು ಚಿಕ್ಕದಾಗಿ ಹೇಳಬಹುದು. ಹಳೆಯ ಮೋಟಾರುಗಳು ಪ್ರವಾಹವನ್ನು ರೋಧಕ ಸುರುಳಿಯ ಮೂಲಕ ಹಾಯಿಸಿ, ಹೆಚ್ಚಿನದನ್ನು ಶಾಖವಾಗಿ ಚೆಲ್ಲಿ ನಿಧಾನವಾಗುತ್ತಿದ್ದವು. ಹೊಸವು ಪ್ರವಾಹವನ್ನು ಸೆಕೆಂಡಿಗೆ ಸಾವಿರಾರು ಬಾರಿ ಹಾಕಿ ಆರಿಸಿ, ಹಾಕಿದ ಅವಧಿಯನ್ನು ಹೆಚ್ಚು ಕಡಿಮೆ ಮಾಡುವುದರಿಂದ ಚೆಲ್ಲುವುದು ಅತ್ಯಲ್ಪ. ಪ್ರೊಪೆಲ್ಲರಿಗೆ ಬೇಕಾದ ಶಕ್ತಿ ಅದರ ತಿರುಗುವ ವೇಗದ ಘನವನ್ನು ಅನುಸರಿಸುವುದರಿಂದ ಅರ್ಧವೇಗಕ್ಕೆ ಸುಮಾರು ಎಂಟನೆಯ ಒಂದು ಪಾಲು ಶಕ್ತಿ ಸಾಕಾಗುತ್ತದೆ.

ವ್ಯವಸ್ಥೆಯನ್ನು ಬದಲಿಸುವವರಲ್ಲಿ ಇಂದು ಅನೇಕರ ಕಣ್ಣು ನೂಕುಬಲಕ್ಕಿಂತ ‘ಅದೃಶ್ಯ ಲಂಗರಿ’ನ ಮೇಲಿದೆ. ಉಪಗ್ರಹಗಳ ಸಂಕೇತದಿಂದ ದೋಣಿಯಿರುವ ಬಿಂದುವನ್ನು ನೆನಪಿಟ್ಟುಕೊಂಡು, ಗಾಳಿ ಅದನ್ನು ಸರಿಸಿದೊಡನೆ ಮೋಟಾರನ್ನು ತಾನೇ ತಿರುಗಿಸಿ ಮರಳಿ ಅಲ್ಲಿಗೇ ತರುವ ಈ ಸೌಲಭ್ಯ, ಹಗ್ಗವೂ ಕಬ್ಬಿಣವೂ ಇಲ್ಲದೆ ದೋಣಿಯನ್ನು ನಿಲ್ಲಿಸುತ್ತದೆ. ಉಪಗ್ರಹದ ಸಂಕೇತ ದೋಣಿ ಎಲ್ಲಿದೆಯೆಂದು ಹೇಳಬಲ್ಲದೇ ಹೊರತು, ನಿಂತ ದೋಣಿಯ ಮೂತಿ ಯಾವ ದಿಕ್ಕಿಗಿದೆಯೆಂದು ಹೇಳಲಾರದು. ಅದಕ್ಕಾಗಿ ಭೂಮಿಯ ಕಾಂತಕ್ಷೇತ್ರವನ್ನು ಓದುವ ಸೂಕ್ಷ್ಮ ದಿಕ್ಸೂಚಿಯೊಂದನ್ನು ಮುಂಭಾಗದಲ್ಲಿ ಅಳವಡಿಸಿರುತ್ತಾರೆ. ಭೂಮಿಯ ಕಾಂತಕ್ಷೇತ್ರದ ಬಲ ಸುಮಾರು 50 ಮೈಕ್ರೋಟೆಸ್ಲಾ. 50 ಆಂಪಿಯರ್ ಹರಿಯುವ ಒಂಟಿ ತಂತಿಯಿಂದ 30 ಸೆಂಟಿಮೀಟರ್ ದೂರದಲ್ಲಿ ಹುಟ್ಟುವ ಕಾಂತಕ್ಷೇತ್ರವೇ 33 ಮೈಕ್ರೋಟೆಸ್ಲಾ ಆಗಿರುವುದರಿಂದ, ಮೋಟಾರು ಜೋರಾಗಿ ಎಳೆದಾಗಲೆಲ್ಲ ದಿಕ್ಸೂಚಿ ಉತ್ತರವನ್ನು ಮರೆಯಬಹುದು. ಹೊಸ ದಪ್ಪ ತಂತಿಗಳನ್ನು ಎಳೆಯುವಾಗ ಧನ, ಋಣ ಎರಡನ್ನೂ ದೋಣಿಯ ಒಂದೊಂದು ಮಗ್ಗುಲಿಗೆ ಬಿಡಿಯಾಗಿ ಹಾಯಿಸದೆ, ಒಂದಕ್ಕೊಂದು ಅಂಟಿಕೊಂಡಂತೆ ಜೊತೆಯಾಗಿ ಒಯ್ದು ದಿಕ್ಸೂಚಿಯಿಂದ ದೂರವಿರಿಸಿದರೆ, ವಿರುದ್ಧ ದಿಕ್ಕುಗಳಲ್ಲಿ ಹರಿಯುವ ಎರಡು ಪ್ರವಾಹಗಳ ಕ್ಷೇತ್ರಗಳು ಪರಸ್ಪರ ಅಳಿಸಿಹೋಗಿ ದೋಣಿ ನಿಂತಲ್ಲಿಯೇ ನಿಲ್ಲುತ್ತದೆ.