ಮನೆಯಂಗಳಕ್ಕೆ ಕಂಬವಿಲ್ಲದ ಚಪ್ಪರ

ಹಳ್ಳಿಯ ಮನೆಯ ಮುಂದಿನ ಅಂಗಳಕ್ಕೆ ಬಿಡುವೆಂಬುದಿಲ್ಲ. ಕಾಳು ಒಣಗಿಸುವುದು, ಮೂಟೆ ಇಳಿಸುವುದು, ಗಾಡಿ ತಿರುಗಿಸುವುದು, ಟ್ರ್ಯಾಕ್ಟರಿನ ಟ್ರೇಲರನ್ನು ಬಾಗಿಲವರೆಗೆ ಹಿಂದಕ್ಕೆ ತರುವುದು ಎಲ್ಲವೂ ಅಲ್ಲಿಯೇ ನಡೆಯುತ್ತವೆ. ಇಂಥ ಜಾಗದಲ್ಲಿ ಕಂಬ ನೆಟ್ಟು ಚಪ್ಪರ ಹಾಕಿದರೆ ನೆರಳೇನೋ ಸಿಗುತ್ತದೆ. ಆದರೆ ಓಡಾಟಕ್ಕೆ ಅಡ್ಡಿಯಾಗುತ್ತದೆ. ಟ್ರೇಲರಿನ ಮೂಲೆ ತಗುಲಿ ಕಂಬ ವಾಲುವುದೂ ಉಂಟು. ಆದ್ದರಿಂದ ಗೋಡೆಗೇ ಬಿಗಿದು ಮುಂದಕ್ಕೆ ಚಾಚುವ ತಗಡಿನ ಚಪ್ಪರದ ಕಡೆಗೆ ಅನೇಕರ ಒಲವಿದೆ. ಇದನ್ನು ಹಾಕಿಸುವ ಮೊದಲು ತಗಡಿನ ಬಣ್ಣ, ಬೆಲೆ ವಿಚಾರಿಸುವುದಕ್ಕಿಂತ ಮನೆಯ ಗೋಡೆಯನ್ನು ಪರೀಕ್ಷಿಸುವುದು ಮುಖ್ಯ.

ಕಂಬವಿದ್ದಾಗ ಚಪ್ಪರದ ಅರ್ಧ ಭಾರ ನೇರವಾಗಿ ನೆಲಕ್ಕೆ ಇಳಿಯುತ್ತದೆ. ಕಂಬವಿಲ್ಲದಿದ್ದರೆ ಪೂರ್ತಿ ಭಾರ ಗೋಡೆಯ ಮೇಲೆ ಬೀಳುವುದಲ್ಲದೆ ಬೋಲ್ಟುಗಳನ್ನು ಗೋಡೆಯಿಂದ ಕಿತ್ತುಕೊಳ್ಳುವಂತೆ ಎಳೆಯುತ್ತದೆ. ಒಂದು ಉದಾಹರಣೆ ನೋಡಬಹುದು. ಚಪ್ಪರ 4 ಅಡಿ ಮುಂದಕ್ಕೆ ಚಾಚಿದೆ, 4 ಅಡಿಗೊಂದರಂತೆ ಕಬ್ಬಿಣದ ಬ್ರಾಕೆಟ್ ಇದೆ ಎನ್ನೋಣ. ತಗಡು, ಚೌಕಟ್ಟು, ರಿಪೇರಿಗೆ ಹತ್ತಿದವರ ಭಾರ ಎಲ್ಲ ಸೇರಿ ಚದರ ಮೀಟರಿಗೆ 90 ಕಿ.ಗ್ರಾಂ. ಹಿಡಿದರೆ ಒಂದೊಂದು ಬ್ರಾಕೆಟ್ಟಿನ ಪಾಲಿಗೆ ಸುಮಾರು 130 ಕಿ.ಗ್ರಾಂ. ಬರುತ್ತದೆ. ಈ ಭಾರ ಗೋಡೆಯಿಂದ 2 ಅಡಿ ದೂರದಲ್ಲಿ ನಿಂತಂತೆ. ಬ್ರಾಕೆಟ್ಟಿನ ಮೇಲಿನ ಮತ್ತು ಕೆಳಗಿನ ಬೋಲ್ಟುಗಳ ನಡುವೆ 1 ಅಡಿ ಅಂತರವಿದ್ದರೆ ಮೇಲಿನ ಬೋಲ್ಟಿಗೆ 260 ಕಿ.ಗ್ರಾಂ. ಎಳೆತ. ಅಂತರವನ್ನು 2 ಅಡಿ ಮಾಡಿದರೆ ಎಳೆತ ಅರ್ಧಕ್ಕೆ ಇಳಿಯುತ್ತದೆ. ಅದೇ ಚಪ್ಪರವನ್ನು 8 ಅಡಿ ಚಾಚಿಸಿದರೆ ಭಾರವೂ ಇಮ್ಮಡಿ, ದೂರವೂ ಇಮ್ಮಡಿಯಾಗಿ ಎಳೆತ ನಾಲ್ಕು ಪಟ್ಟಾಗುತ್ತದೆ. “ಇನ್ನೆರಡು ಅಡಿ ಮುಂದೆ ಬರಲಿ” ಎಂದು ಹೇಳುವುದು ಸುಲಭ. ಬೋಲ್ಟಿಗೆ ಅದು ಸುಲಭವಲ್ಲ.

ಬೇಲೂರಿನ ದೇವಾಲಯದಲ್ಲಿ ಸೂರಿನ ಕೆಳಗೆ ಓರೆಯಾಗಿ ನಿಂತ ಮದನಿಕೆಯರನ್ನು ನೋಡಿದವರಿಗೆ ಗೋಡೆ ಚಪ್ಪರದ ಓರೆಯ ಆಸರೆ ಎಲ್ಲಿ ಬರಬೇಕೆಂದು ಬೇರೆ ಹೇಳಬೇಕಾಗಿಲ್ಲ. ಗೋಡೆಯ ಕೆಳಭಾಗದಿಂದ ಚಪ್ಪರದ ಅಂಚಿನ ಕಡೆಗೆ ಓರೆಯಾಗಿ ಏರುವ ಈ ತ್ರಿಕೋನದ ಆಸರೆಯೇ ಎಲ್ಲಕ್ಕಿಂತ ಭದ್ರ. ತಲೆಗೆ ತಗಲುತ್ತದೆ ಎಂದು ಕೆಲವರು ಇದನ್ನು ಬಿಟ್ಟು ಮೇಲಿನಿಂದ ಸರಪಳಿ ಅಥವಾ ತೆಳು ಸರಳಿನಿಂದ ಚಪ್ಪರವನ್ನು ಎಳೆದು ಕಟ್ಟಿಸುತ್ತಾರೆ. ಇಲ್ಲಿ ಗಾಳಿಯ ವಿಷಯವನ್ನು ತಿಳಿದಿರಬೇಕು.

ಕಟ್ಟಡಗಳ ಮೇಲಿನ ಗಾಳಿಯ ಒತ್ತಡಕ್ಕೆ ಸಂಬಂಧಿಸಿದ ಭಾರತೀಯ ಮಾನಕ ಐ.ಎಸ್. 875 ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್ ಗಾಳಿವೇಗವನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಇದನ್ನು ಒತ್ತಡಕ್ಕೆ ಪರಿವರ್ತಿಸಿದರೆ ಚದರ ಮೀಟರಿಗೆ ಸುಮಾರು 67 ಮತ್ತು 93 ಕಿ.ಗ್ರಾಂ. ಆಗುತ್ತದೆ. ತಗಡು, ಚೌಕಟ್ಟು ಸೇರಿ ಚಪ್ಪರದ ಸ್ವಂತ ತೂಕ ಚದರ ಮೀಟರಿಗೆ 15 ಕಿ.ಗ್ರಾಂ. ಮುಟ್ಟಿದರೆ ಹೆಚ್ಚು. ಗೋಡೆಗೆ ಬಡಿದ ಗಾಳಿ ಮೇಲೇರಲು ದಾರಿಯಿಲ್ಲದೆ ಚಪ್ಪರವನ್ನು ಕೆಳಗಿನಿಂದ ಎತ್ತುತ್ತದೆ. ಆಗ ಸರಪಳಿ ಸಡಿಲವಾಗಿ ಜೋತುಬೀಳುತ್ತದೆ. ಏಕೆಂದರೆ ಸರಪಳಿಗೆ ಎಳೆಯಲು ಬರುತ್ತದೆ, ತಳ್ಳಲು ಬರುವುದಿಲ್ಲ. ಏಪ್ರಿಲ್, ಮೇ ತಿಂಗಳ ಬಿರುಗಾಳಿಗೆ ತಗಡು ಮೇಲಕ್ಕೆ ಮಡಚಿಕೊಳ್ಳುವುದು ಹೀಗೆ. ಕೆಳಗೆ ಮಕ್ಕಳೋ ಕಟ್ಟಿದ ದನವೋ ಇದ್ದರೆ ಪ್ರಾಣಕ್ಕೇ ಸಂಚಕಾರ. ಮೇಲಿನಿಂದ ಹಿಡಿಯಲೇಬೇಕಾದರೆ ಸರಪಳಿಯ ಬದಲು ಗಟ್ಟಿ ಪೈಪನ್ನೇ ಬಳಸಬೇಕು.

ಬೋಲ್ಟು ಹಿಡಿಯಲು ಕಾಂಕ್ರೀಟಿನ ಲಿಂಟಲ್ ಪಟ್ಟಿ ಅಥವಾ ತೊಲೆ ಅತ್ಯುತ್ತಮ. ಸಿಮೆಂಟು ಗಾರೆಯಲ್ಲಿ ಕಟ್ಟಿದ 9 ಅಂಗುಲದ ಸುಟ್ಟ ಇಟ್ಟಿಗೆಯ ಗೋಡೆಯೂ ಆದೀತು. ಆದರೆ ಬೋಲ್ಟು ಸಂದಿಯಲ್ಲಿ ಬೀಳದೆ ಇಟ್ಟಿಗೆಯ ನಡುವೆ ಬರಬೇಕು, ಅದರ ಮೇಲೆ ಸಾಕಷ್ಟು ಗೋಡೆಯ ಭಾರವೂ ಇರಬೇಕು. ಟೊಳ್ಳು ಸಿಮೆಂಟ್ ಬ್ಲಾಕಿನಲ್ಲಿ ಮತ್ತು ಕರಾವಳಿಯ ಮೆತ್ತನೆಯ ಮುರಕಲ್ಲಿನಲ್ಲಿ, ಬಿಗಿದಂತೆ ಹಿಗ್ಗಿ ಹಿಡಿಯುವ ಬೋಲ್ಟುಗಳನ್ನು ನಂಬಬಾರದು. ಗೋಡೆಯನ್ನು ಆರಪಾರ ಕೊರೆದು, 12 ಮಿ.ಮೀ. ಬೋಲ್ಟು ತೂರಿಸಿ, ಒಳಗಡೆ 6 ಅಂಗುಲ ಚೌಕದ ಕಬ್ಬಿಣದ ತಟ್ಟೆ ಕೊಟ್ಟು ನಟ್ಟು ಬಿಗಿಯುವುದೇ ಸರಿ. ಒಳಗೋಡೆ ನೋಡಲು ಚೆನ್ನಾಗಿರುವುದಿಲ್ಲ ಎಂಬ ಆಕ್ಷೇಪಕ್ಕೆ ಬೆಲೆ ಕೊಡಬೇಕಾಗಿಲ್ಲ. ಮಣ್ಣಿನ ಗೋಡೆ, 4 ಅಂಗುಲದ ಗೋಡೆ ಮತ್ತು ತಾರಸಿಯ ಮೇಲಿನ ಕೈಪಿಡಿ ಗೋಡೆಗಳಿಗೆ ಈ ಚಪ್ಪರ ಬೇಡವೇ ಬೇಡ. ಬಯಲುಸೀಮೆಯ ಮಣ್ಣಿನ ಗೋಡೆ ಎರಡು ಅಡಿ ದಪ್ಪವಿದ್ದರೂ ಎಳೆತಕ್ಕೆ ಅದರಲ್ಲಿ ಹಿಡಿತವಿಲ್ಲ.

ಎತ್ತರದ ವಿಷಯದಲ್ಲಿ ಎರಡು ಅಗತ್ಯಗಳಿಗೆ ತಾಳೆಯಾಗುವುದಿಲ್ಲ. ಹುಲ್ಲು ಹೇರಿದ ಗಾಡಿಗೆ ತಗಲಬಾರದೆಂದರೆ ಚಪ್ಪರ ಎತ್ತರದಲ್ಲಿರಬೇಕು. ಆದರೆ ಮಳೆ 45 ಡಿಗ್ರಿ ಓರೆಯಲ್ಲಿ ಬಿದ್ದರೆ 4 ಅಡಿಯ ಚಪ್ಪರ ತನ್ನ ಅಂಚಿನಿಂದ ಕೆಳಗೆ 4 ಅಡಿಯಷ್ಟು ಗೋಡೆಯನ್ನು ಮಾತ್ರ ನೆನೆಯದಂತೆ ಕಾಯುತ್ತದೆ. 10 ಅಡಿ ಎತ್ತರದಲ್ಲಿದ್ದರೆ ಜಗಲಿ ನೆನೆಯುವುದು ಖಂಡಿತ. ಮಲೆನಾಡು, ಕರಾವಳಿಗಳಲ್ಲಿ ನೈಋತ್ಯ ಮಾರುತದ ಮಳೆ ಎದುರಾಗುವ ಪಶ್ಚಿಮ ಗೋಡೆಗೆ ಇದನ್ನು ನೆನಪಿಡಬೇಕು. ಬಾಗಿಲ ಮೇಲೆ ತಗ್ಗಿನದೊಂದು, ಗಾಡಿ ನಿಲ್ಲುವಲ್ಲಿ ಎತ್ತರದ್ದೊಂದು ಎಂದು ಬೇರೆಬೇರೆಯಾಗಿ ಹಾಕಿಸಿದರೆ ಖರ್ಚು ತುಸು ಹೆಚ್ಚಾದರೂ ಉಪಯೋಗವಿದೆ.

ತಗಡಿನ ಆಯ್ಕೆ ಕಷ್ಟದ್ದಲ್ಲ. ಒಳನಾಡಿಗೆ 0.5 ಮಿ.ಮೀ. ದಪ್ಪದ ಸತುವು ಲೇಪಿತ ತಗಡು ಸಾಕು. ಉಪ್ಪುಗಾಳಿಯಿರುವ ಕಡೆ ಬಣ್ಣ ಲೇಪಿತ ತಗಡು ಅಥವಾ ಅಲ್ಯೂಮಿನಿಯಂ ಹೆಚ್ಚು ಬಾಳುತ್ತದೆ. ಅಲ್ಯೂಮಿನಿಯಂ ಬರಿಯ ಕಬ್ಬಿಣಕ್ಕೆ ತಾಗದಂತೆ ನಡುವೆ ರಬ್ಬರ್ ಪಟ್ಟಿ ಕೊಡಬೇಕು. ಬೆಳಕು ಬೇಕಾದಲ್ಲಿ ಪಾಲಿಕಾರ್ಬೊನೇಟ್ ಹಾಳೆ ಹಾಕಬಹುದು. ಬಿಸಿಲು ತಡೆಯುವ ಲೇಪನದ ಮೈ ಮೇಲೆ ಬರಬೇಕು. ತಲೆಕೆಳಗಾದರೆ ಹಾಳೆ ಬೇಗ ಹಳದಿಗಟ್ಟಿ ಪೆಡಸಾಗುತ್ತದೆ. ಆಸ್‌ಬೆಸ್ಟಾಸ್ ಶೀಟು ಭಾರ, ಹೊಡೆತಕ್ಕೆ ಒಡೆಯುತ್ತದೆ, ಕೊಯ್ದಾಗ ಏಳುವ ಪುಡಿ ಶ್ವಾಸಕೋಶಕ್ಕೆ ಅಪಾಯಕರ. ಮಂಗಗಳು ಜಿಗಿದಾಡುವ ಊರಿನಲ್ಲಂತೂ ಅದು ತಕ್ಕದ್ದಲ್ಲ. ತಗಡನ್ನು ಉಬ್ಬಿನ ಮೇಲೆಯೇ ಕೊರೆದು ವಾಷರ್ ಸಹಿತ ಬಿಗಿಯಬೇಕು. ಗಾಳಿ ಅಂಚಿನಿಂದಲೇ ಎತ್ತಲು ತೊಡಗುವುದರಿಂದ ಅಂಚಿನ ಸಾಲಿನಲ್ಲಿ ಬೋಲ್ಟುಗಳು ಹತ್ತಿರ ಹತ್ತಿರ ಇರಬೇಕು.

ಇಳಿಜಾರು 4 ಅಡಿಗೆ 8 ಅಂಗುಲವಿದ್ದರೆ ನೀರು ನಿಲ್ಲುವುದಿಲ್ಲ. ಗೋಡೆ ಮತ್ತು ತಗಡು ಕೂಡುವಲ್ಲಿ ಗಾರೆಯನ್ನು ಸೀಳಿ, ತಗಡಿನ ಪಟ್ಟಿಯ ಮೇಲಂಚನ್ನು ಒಳಕ್ಕೆ ಸೇರಿಸಿ ಸಿಮೆಂಟಿನಿಂದ ಮುಚ್ಚದಿದ್ದರೆ ನೀರು ಗೋಡೆಗುಂಟ ಇಳಿದು ಬೋಲ್ಟಿಗೇ ತುಕ್ಕು ಹಿಡಿಸುತ್ತದೆ. 20 ಅಡಿ ಉದ್ದ, 4 ಅಡಿ ಅಗಲದ ಚಪ್ಪರದ ಮೇಲೆ 50 ಮಿ.ಮೀ. ಮಳೆ ಬಿದ್ದರೆ ಸುಮಾರು 370 ಲೀಟರ್ ನೀರು ಇಳಿಯುತ್ತದೆ. ದೋಣಿ ಕಟ್ಟಿ ತೊಟ್ಟಿಗೆ ಹಾಯಿಸಬಹುದು. ದೋಣಿಯ ಭಾರ ತುತ್ತತುದಿಯಲ್ಲಿ ಕೂಡುವುದರಿಂದ ಅದರಲ್ಲಿ ಎಲೆಕಸ ಕಟ್ಟಿ ನೀರು ತುಂಬಿ ನಿಲ್ಲದಂತೆ ನೋಡಿಕೊಳ್ಳಬೇಕು. ಬ್ರಾಕೆಟ್ಟಿಗೆ ತಕ್ಕಡಿ, ಉಯ್ಯಾಲೆ, ಬಾಳೆಗೊನೆ ತೂಗುಹಾಕಬಾರದು.

5 ಅಡಿಗಿಂತ ಹೆಚ್ಚು ಚಾಚು ಬೇಕಿದ್ದರೆ ಎಂಜಿನಿಯರರಿಂದ ಲೆಕ್ಕ ಹಾಕಿಸಬೇಕು. ಟ್ರ್ಯಾಕ್ಟರನ್ನು ಪೂರ್ತಿ ನೆರಳಿನಲ್ಲಿ ನಿಲ್ಲಿಸಬೇಕೆನ್ನುವವರು ಗೋಡೆ ಚಪ್ಪರದ ಆಸೆ ಬಿಟ್ಟು, ದಾರಿಗೆ ಅಡ್ಡವಾಗದಂತೆ ಕಂಬ ನೆಟ್ಟು ಬೇರೆ ಕೊಟ್ಟಿಗೆ ಹಾಕುವುದೇ ಲೇಸು. ಅದಕ್ಕೆ ತಗಲುವ ಖರ್ಚೂ ಕಡಿಮೆ.

ವರ್ಷಕ್ಕೊಮ್ಮೆ, ಯುಗಾದಿಯ ಹೊತ್ತಿಗೆ, ಗುಡುಗು ಮಳೆ ಆರಂಭವಾಗುವ ಮುನ್ನ ನಟ್ಟುಗಳನ್ನೆಲ್ಲ ಬಿಗಿಸಿ, ತುಕ್ಕು ಕೆರೆದು ಬಣ್ಣ ಹಚ್ಚಬೇಕು. ಬೋಲ್ಟಿನ ಸುತ್ತ ಗಾರೆ ಬಿರಿದಿದ್ದರೆ ಸಿಮೆಂಟು ಮೆತ್ತಿ ಮುಚ್ಚಬಾರದು. ಬೋಲ್ಟು ಹೊರಬರುತ್ತಿರುವ ಸೂಚನೆ ಅದಾಗಿರಬಹುದು. ತಗಡನ್ನು ಇಳಿಸಿ, ಬೋಲ್ಟನ್ನು ತೆಗೆದು ನೋಡಿ ಮತ್ತೆ ಕೂರಿಸಬೇಕು.