ವೇಗ ಹತ್ತು, ಬಿಸಿ ನಲವತ್ತು

‘ಬಡವರ ಊಟಿ’ ಹಾಸನದ ಹವೆ ಓವರ್‌ಕ್ಲಾಕಿಂಗ್‌ಗೆ ಹೇಳಿ ಮಾಡಿಸಿದಂತೆ ಕಾಣುತ್ತದೆ. ಗೇಮ್ ಆಡುವವರು, ಮದುವೆ ವಿಡಿಯೊ ಎಡಿಟ್ ಮಾಡುವವರು ಪ್ರೊಸೆಸರನ್ನು ಕಂಪನಿ ಗೊತ್ತು ಮಾಡಿದ ವೇಗಕ್ಕಿಂತ ಜೋರಾಗಿ ಓಡಿಸಲು, ಅಂದರೆ ಓವರ್‌ಕ್ಲಾಕ್ ಮಾಡಲು, ಆಸೆಪಡುವುದು ಸಹಜ. ಆದರೆ ತಂಪು ಹವೆಯಿಂದ ಸಿಗುವ ಲಾಭ ಕಡಿಮೆ. ಕೋಣೆ ಐದು ಡಿಗ್ರಿ ತಣ್ಣಗಿದ್ದರೆ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ತಣ್ಣಗಿರುತ್ತದೆ. ಊರು 900 ಮೀಟರಿಗೂ ಎತ್ತರದಲ್ಲಿರುವುದರಿಂದ ಗಾಳಿ ತುಸು ತೆಳು. ಫ್ಯಾನ್ ಹೊರಹಾಕುವ ಬಿಸಿಯೂ ಆ ಮಟ್ಟಿಗೆ ಕಡಿಮೆ.

ಬಿಸಿಯ ಕೀಲಿ ಇರುವುದು ವೋಲ್ಟೇಜ್‌ನಲ್ಲಿ. ವೇಗ ಏರಿದಷ್ಟೇ ವಿದ್ಯುತ್ ಬಳಕೆ ಏರುತ್ತದೆ. ವೋಲ್ಟೇಜ್ ಏರಿದರೆ ಅದರ ವರ್ಗದ ಲೆಕ್ಕದಲ್ಲಿ ಏರುತ್ತದೆ. 1.20 ವೋಲ್ಟ್‌ನಲ್ಲಿ 4 ಗಿಗಾಹರ್ಟ್ಸ್ ಓಡುವ ಚಿಪ್ಪನ್ನು 1.35 ವೋಲ್ಟ್ ಕೊಟ್ಟು 4.4ಕ್ಕೆ ಏರಿಸಿದಿರಿ ಅನ್ನಿ. ವೇಗ ಶೇ 10ರಷ್ಟು ಹೆಚ್ಚಿತು, ಬಿಸಿ ಸುಮಾರು ಶೇ 39ರಷ್ಟು!

ವೋಲ್ಟೇಜ್ ಎಂದೊಡನೆ ಮನೆಯ ಕರೆಂಟ್ ನೆನಪಾಗಬಹುದು. ಜಿಲ್ಲೆಯ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹಳ್ಳಿಗಳಲ್ಲಿ ತ್ರೀಫೇಸ್ ಕರೆಂಟ್ ಬಂದು ಪಂಪ್‌ಸೆಟ್‌ಗಳು ಒಟ್ಟಿಗೆ ಚಾಲೂ ಆದರೆ ಮನೆಯ ವೋಲ್ಟೇಜ್ ಕುಸಿಯಬಹುದು. ಅದು ಗೋಡೆಯ 230 ವೋಲ್ಟ್‌ನ ಸಮಸ್ಯೆ; ಅದಕ್ಕೆ ಒಳ್ಳೆಯ ಎಸ್‌ಎಂಪಿಎಸ್, ಯುಪಿಎಸ್ ಬೇಕು. ಚಿಪ್ಪಿನ ವೋಲ್ಟೇಜ್ ಬೇರೆಯೇ. ಎಸ್‌ಎಂಪಿಎಸ್ ಕೊಡುವ 12 ವೋಲ್ಟನ್ನು ಮದರ್‌ಬೋರ್ಡ್ ಒಂದೂಕಾಲು ವೋಲ್ಟ್‌ನ ಆಸುಪಾಸಿಗೆ ಇಳಿಸುತ್ತದೆ. ಕಂಪ್ಯೂಟರಿನ ಮೂಲ ಸೆಟ್ಟಿಂಗ್‌ಗಳಿರುವ ಬಯಾಸ್‌ನಲ್ಲಿ ನಾವು ಕೈಯಾಡಿಸುವುದು ಇದರ ಮೇಲೆಯೇ. ಸ್ಟೆಬಿಲೈಜರ್ ಇದನ್ನು ಕಾಯಲಾರದು.

ವೋಲ್ಟೇಜ್ ಮಿತಿಮೀರಿದರೆ ಏನಾಗುತ್ತದೆಂದು 2024ರಲ್ಲಿ ಜಗತ್ತೇ ನೋಡಿತು. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಕೆಲವು ಪ್ರೊಸೆಸರ್‌ಗಳು ಓವರ್‌ಕ್ಲಾಕ್ ಮಾಡದಿದ್ದರೂ ಅಸ್ಥಿರವಾದವು. ಕಂಪನಿ ಚಿಪ್ಪಿನ ಒಳಸೂಚನೆಗಳಾದ ಮೈಕ್ರೋಕೋಡ್ ತಿದ್ದಿ, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಅಂಥ ಚಿಪ್ ಇದ್ದವರು ಮೊದಲು ಆ ತಿದ್ದುಪಡಿಗಾಗಿ ಬಯಾಸ್ ಅಪ್‌ಡೇಟ್ ಮಾಡಿಕೊಳ್ಳಬೇಕು.

ಕೈಹಾಕುವುದೇ ಆದರೆ ಮೊದಲು ಕೇಸ್ ತೆರೆದು ಹೀಟ್‌ಸಿಂಕಿನ ರೆಕ್ಕೆಗಳ ನಡುವಿನ ಧೂಳು ತೆಗೆಯಿರಿ, ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿ. ವೇಗವನ್ನು 100 ಮೆಗಾಹರ್ಟ್ಸ್‌ನಂತೆ ಏರಿಸುತ್ತಾ, ಪ್ರತಿ ಸಲವೂ ಅರ್ಧ ಗಂಟೆ ಪೂರ್ತಿ ಲೋಡ್ ಕೊಟ್ಟು ಪರೀಕ್ಷಿಸಿ. ಈ ಪರೀಕ್ಷೆ ಏಪ್ರಿಲ್ ಮಧ್ಯಾಹ್ನ ನಡೆಯಲಿ. ಡಿಸೆಂಬರ್ ರಾತ್ರಿ ಪಾಸಾದದ್ದು ಬೇಸಿಗೆಯಲ್ಲಿ ಫೇಲಾಗಬಹುದು. ಅನೇಕ ಇಂಟೆಲ್ ಚಿಪ್‌ಗಳು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಾವೇ ವೇಗ ತಗ್ಗಿಸಿಕೊಳ್ಳುತ್ತವೆ. 85ರ ಒಳಗಿದ್ದರೆ ನೆಮ್ಮದಿ.

ಇದಕ್ಕಿಂತ ಜಾಣತನದ ದಾರಿ ಅಂಡರ್‌ವೋಲ್ಟಿಂಗ್. ವೇಗ ಹಾಗೇ ಇರಲಿ, ವೋಲ್ಟೇಜನ್ನು ಸ್ವಲ್ಪ ಸ್ವಲ್ಪವೇ ಇಳಿಸಿ. 1.20ರಿಂದ 1.15ಕ್ಕೆ ಇಳಿಸಿಯೂ ಚಿಪ್ ಸ್ಥಿರವಾಗಿದ್ದರೆ ಬಿಸಿ ಶೇ 8ರಷ್ಟು ತಗ್ಗುತ್ತದೆ, ದುಡ್ಡೂ ಖರ್ಚಾಗದು.